ಮಾವನವರ ಬೆಸುಗೆ

ಮನೆಯ ಸಾಮಾನುಗಳು ಕೆಡುವುದಕ್ಕೂ ಮಾವನವರು ಬಂದು ಸೇರಿಕೊಂಡಿದ್ದಕ್ಕೂ ಏನೋ ಸಂಬಂಧವಿದೆ ಎಂಬ ಗುಮಾನಿ ವಂದನಾಳಿಗೆ ಹತ್ತಿದ್ದು ಕಾಲಿಂಗ್ ಬೆಲ್ ಎರಡನೆಯ ಸಲ ಕೆಟ್ಟಾಗ.

ಮಾವ ವಿಶ್ವನಾಥ ಪೆರಂಬೂರಿನಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಕಡಲ ದಡದ ಎಣ್ಣೂರಿನಲ್ಲಿದ್ದ ಮಗ ಶ್ರೀನಾಥನ ಮನೆಗೆ ಬಂದರು. ಬರುವಾಗ ಬಟ್ಟೆಯ ಪೆಟ್ಟಿಗೆಯ ಜೊತೆಗೆ ಸೋಲ್ಡರಿಂಗ್ ಐರನ್, ಸೀಸದ ತಂತಿ, ಭೂತಗನ್ನಡಿ ಇದ್ದ ತಗಡಿನ ಡಬ್ಬಿಯೊಂದನ್ನು ತಂದರು. ಬೆಲ್ ಕೆಟ್ಟಾಗ ಅದರ ಬೋರ್ಡು ಬಿಚ್ಚಿ ಬೆಸುಗೆ ಹಾಕಿ ಸರಿಮಾಡಿದರು. ಫ್ಯಾನಿನ ರಿಮೋಟ್ ಸರಿಮಾಡಿದರು. ಇಂಡಕ್ಷನ್ ಒಲೆ ಹಾಲು ಉಕ್ಕುವ ಮೊದಲೇ ಕುಂಯ್‌ಗುಟ್ಟಿ ಆರಿಹೋಗುತ್ತಿತ್ತು, ಅದನ್ನೂ ಸರಿಮಾಡಿದರು. ವಂದನಾ ತಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಎಲ್ಲರ ಮುಂದೆ ಹೊಗಳಿಕೊಂಡಳು.

ಆಮೇಲೆ ಅವೇ ಸಾಮಾನುಗಳು ಒಂದೊಂದಾಗಿ ಮತ್ತೆ ಕೆಡತೊಡಗಿದವು. ಕೆಟ್ಟಿತು ಎನ್ನುವಷ್ಟರಲ್ಲಿ ಮಾವನ ಕೈಯಲ್ಲಿ ಡಬ್ಬಿ. ರಿಪೇರಿಗೆ ಕೂತರೆ ಕೋಣೆಯ ಬಾಗಿಲು ಹಾಕಿಕೊಳ್ಳುವರು. ಮೊದಲೆಲ್ಲ ಹಾಗೆ ಮಾಡುತ್ತಿರಲಿಲ್ಲ.

"ಪಾರು ವಂದನಾ, ರಿಟೈರ್ ಆದವರಿಗೆ ಟೈಮೇ ಪೋಗಲ್ಲ," ಎಂದರು ಮಾತಿಗೆ ತಮಿಳು ಬೆರೆಸುವ ಎದುರು ಮನೆಯ ಶಾರದಮ್ಮ. "ನಮ್ಮ ಯಜಮಾನ್ರು ಸುಮ್ನೆ ಕೂರಲಾರದೆ ಓಡೋ ಗಡಿಯಾರ ಬಿಚ್ಚಿ ನಿಲ್ಲಿಸ್ಬಿಡ್ತಿದ್ರು."

ಗಂಡನಿಗೆ ಹೇಳಿದರೆ ಅವನು ನಕ್ಕುಬಿಟ್ಟ. "ಅಪ್ಪ ಯಾಕೆ ಕೆಡಿಸ್ತಾರೆ? ಈ ಉಪ್ಪುಗಾಳಿಗೆ ಗೇಟೇ ತುಕ್ಕು ಹಿಡಿದು ಉದುರುತ್ತೆ, ಬೋರ್ಡ್ ಉಳಿಯುತ್ತಾ?"

ವಂದನಾಳಿಗೆ ಸಮಾಧಾನವಾಗಲಿಲ್ಲ. ಒಂದು ಬೆಳಿಗ್ಗೆ ಒಲೆಯನ್ನು ತಿರುವಿಹಾಕಿ, ಯಾರಾದರೂ ಬಿಚ್ಚಿದರೆ ಗೊತ್ತಾಗಲೆಂದು ಅಡಿಯ ಸ್ಕ್ರೂಗಳ ಮೇಲೆ ಒಂದೊಂದು ಹನಿ ನೇಲ್ ಪಾಲಿಶ್ ಇಟ್ಟಳು. ಸಂಜೆ ಬಂದು ನೋಡಿದರೆ ಹನಿಗಳೆಲ್ಲವೂ ಒಡೆದಿದ್ದವು. ಒಲೆಗೆ ಏನೂ ಆಗಿರಲಿಲ್ಲ. ಊಟದ ಹೊತ್ತಿನಲ್ಲಿ ಮಾವನ ಮುಖವನ್ನೇ ನೋಡಿದಳು. ಅವರು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು.

ಮರುದಿನ ಬ್ಯಾಂಕಿಗೆಂದು ಹೊರಟವಳು ಶಾರದಮ್ಮನ ಮನೆಯಲ್ಲಿ ಕೂತಳು. ಸ್ವಲ್ಪ ಹೊತ್ತು ಬಿಟ್ಟು ತನ್ನ ಬೀಗದ ಕೈಯಿಂದ ಸದ್ದಾಗದಂತೆ ಬಾಗಿಲು ತೆರೆದಳು. ಕಾದ ಸೀಸದ ಘಾಟು ಮೂಗಿಗೆ ಬಡಿಯಿತು. ಮಾವ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಎದುರಿಗೆ ಹೊಟ್ಟೆ ಬಿಚ್ಚಿದ ಒಲೆ.

"ಮಾವ, ಬೆಳಿಗ್ಗೆ ಇದ್ರಲ್ಲೇ ಕಾಫಿ ಮಾಡಿದ್ದೆ. ಚೆನ್ನಾಗಿತ್ತು. ಯಾಕೆ ಬಿಚ್ಚಿದ್ರಿ?"

ವಿಶ್ವನಾಥ ಬೆಚ್ಚಿದರು. ಐರನ್ ಕೆಳಗಿಟ್ಟು ಬಲಗೈಯನ್ನು ತೊಡೆಯ ಮೇಲಿದ್ದ ಟವೆಲ್ಲಿನಡಿ ಸೇರಿಸಿದರು. "ನೋಡ್ತಿದ್ದೆ ಕಣಮ್ಮ, ಅಷ್ಟೆ."

"ಕೆಡದೇ ಇರೋದನ್ನ ಏನು ನೋಡೋದು? ನೀವೇ ಕೆಡಿಸಿ ನೀವೇ ರಿಪೇರಿ ಮಾಡ್ತಿದೀರಾ?"

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಗಾಬರಿಯಾಯಿತು. ಮಾವನಿಗೆ ಸಿಟ್ಟು ಬರಲಿಲ್ಲ.

"ಒಂದು ರೀತೀಲಿ ಹೌದು," ಎಂದರು. ಭೂತಗನ್ನಡಿಯನ್ನು ಅವಳ ಕಡೆ ಸರಿಸಿದರು. "ಸುರುಳಿಯ ತಂತಿ ಬಂದು ಸೇರೋ ಜಾಗ ನೋಡು."

ಬೋರ್ಡಿನ ಬೇರೆ ಬೆಸುಗೆಗಳೆಲ್ಲ ನುಣ್ಣಗೆ ಹೊಳೆಯುತ್ತಿದ್ದವು. ಇದೊಂದು ಮಾತ್ರ ಬೂದಿಬಣ್ಣಕ್ಕೆ ತಿರುಗಿ ತರಿತರಿಯಾಗಿತ್ತು. ಕಂಬಿಯ ಸುತ್ತ ಕೂದಲಿನಷ್ಟು ತೆಳುವಾದ ಕಪ್ಪು ಬಿರುಕು.

"ಇದು ಯಾರು ಹಾಕಿದ್ದು?"

"ನಾನೇ." ಟವೆಲ್ಲಿನಡಿಯಿಂದ ಕೈ ಹೊರತೆಗೆದರು. ಬೆರಳುಗಳು ನಡುಗುತ್ತಿದ್ದವು. "ಸೀಸ ಆರೋ ತನಕ ಬೆಸುಗೆ ಅಲ್ಲಾಡಬಾರದು. ಅಲ್ಲಾಡಿದ್ರೆ ಹಿಡಿದ ಹಾಗೆ ಕಾಣುತ್ತೆ, ಹಿಡಿದಿರಲ್ಲ. ಒಲೆ ಕಾದೂ ಕಾದೂ ಮತ್ತೆ ಬಿಟ್ಕೊಳ್ಳುತ್ತೆ. ಎಲ್ಲಿ ಕಿಡಿ ಹಾರುತ್ತೋ ಅಂತ ನೀನು ಹೋದ ಮೇಲೆ ಬಿಚ್ಚಿ ನೋಡ್ತೀನಿ."

"ಶ್ರೀನಾಥ್‌ಗೆ ಗೊತ್ತಾ?"

"ಇಲ್ಲ. ಗೊತ್ತಾದ್ರೆ ಡಬ್ಬಿ ಎತ್ತಿಟ್ಬಿಡ್ತಾನೆ."

ವಂದನಾಳಿಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. "ಕಿಡಿ ಹಾರಬಹುದು ಅಂತ ಗೊತ್ತಿದ್ದೂ, ನಾನು ದಿನಾ ಹಾಲು ಕಾಯಿಸೋದನ್ನ ನೋಡ್ತಾ ಕೂತಿದ್ರಾ?"

ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆ ಕೈ ಕನ್ನಡಕವನ್ನು ಕಿವಿಗೆ ಸಿಕ್ಕಿಸಲು ಪಡುತ್ತಿದ್ದ ಪಾಡು ನೋಡಿ ಅವಳ ಸಿಟ್ಟು ತುಸು ಇಳಿಯಿತು. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳಿ, ಸೆರಗು ಸಿಕ್ಕಿಸಿ, ಐರನ್ ಕೈಗೆತ್ತಿಕೊಂಡು ಎದುರಿಗೆ ಕೂತಳು.

"ಎಲ್ಲಿ ಇಡ್ಬೇಕು ಹೇಳಿ."

"ಮೊದಲು ಹಳೇದನ್ನ ಕರಗಿಸಿ ತೆಗಿ. ಹಾಂ. ಈಗ ಕಂಬಿ ಕಾಯಲಿ. ಸೀಸಾನ ಐರನ್ನಿಗೆ ಮುಟ್ಟಿಸ್ಬೇಡ, ಕಂಬಿಗೆ ಮುಟ್ಟಿಸು."

ಮೊದಲ ಸಲ ಸೀಸ ಗುಂಡಗೆ ಮುದ್ದೆಯಾಯಿತು. ಮಾವ ತೆಗೆಸಿದರು. ಎರಡನೆಯ ಸಲ ಅದು ಕರಗಿ ಕಂಬಿಯ ಸುತ್ತ ತಾನಾಗಿ ಹರಿಯಿತು.

"ಅಲ್ಲಾಡ್ಬೇಡ... ಅಲ್ಲಾಡ್ಬೇಡ... ಈಗ ಉಸಿರು ಬಿಡು."

ಬೆಸುಗೆ ಹೊಳೆಯುತ್ತಿತ್ತು. ಒಲೆ ಜೋಡಿಸಿ ಪಾತ್ರೆಯಲ್ಲಿ ನೀರಿಟ್ಟರು. ವಂದನಾ ದೂರ ನಿಂತೇ ನೋಡಿದಳು. ನೀರು ಮರಳಿತು, ಒಲೆ ಕುಂಯ್ ಎನ್ನಲಿಲ್ಲ. ಮಾವ ನಗುತ್ತಾ ಸಾಮಾನುಗಳನ್ನು ಡಬ್ಬಿಗೆ ತುಂಬತೊಡಗಿದರು. ವಂದನಾ ಡಬ್ಬಿಯ ಮೇಲೆ ಕೈಯಿಟ್ಟಳು.

"ಇನ್ನು ಯಾವ್ಯಾವುದನ್ನ ಬಿಚ್ಚಿದೀರಿ ಮಾವ? ನಿಜ ಹೇಳಿ."

"ಬೆಲ್, ರಿಮೋಟ್ ನಿನಗೇ ಗೊತ್ತಲ್ಲ."

"ಆಮೇಲೆ?"

ಅವರು ಬಚ್ಚಲುಮನೆಯ ಕಡೆ ನೋಡಿದರು. "ಗೀಸರ್‌ದೊಂದು ಸಣ್ಣ ಬೋರ್ಡು..."

ವಂದನಾ ಓಡಿಹೋಗಿ ಗೀಸರಿನ ಸ್ವಿಚ್ ಆರಿಸಿ ಬಂದಳು.

"ಸಂಜೆ ಶ್ರೀನಾಥ್‌ಗೆ ನೀವೇ ಎಲ್ಲಾ ಹೇಳ್ಬೇಕು. ಒಂದೂ ಬಿಡದ ಹಾಗೆ."

"ಹೇಳ್ತೀನಿ. ಡಬ್ಬಿ?"

"ನನ್ನ ಹತ್ರ ಇರುತ್ತೆ," ಎಂದಳು ವಂದನಾ. "ನೀವು ಹೇಳಿಕೊಡಿ, ನಾನು ಹಾಕ್ತೀನಿ."