ಅಲುಗಾಡದ ಎಂಬತ್ತನಾಲ್ಕು

ಬಸ್ಸಿನಲ್ಲಿ ಟಿಕೆಟ್ ಪರೀಕ್ಷಿಸುವ ಕೆಲಸದವಳಾದ್ದರಿಂದ ಬೀದಿಯವರೆಲ್ಲ ಅವಳನ್ನು 'ಚೆಕಿಂಗ್ ಅಕ್ಕ' ಎಂದೇ ಕರೆಯುತ್ತಿದ್ದರು. ಟಿಕೆಟ್ ಇಲ್ಲದವನನ್ನು ಅವಳು ಮುಖ ನೋಡಿಯೇ ಹಿಡಿಯುತ್ತಿದ್ದಳು. ತಮ್ಮನ ವಿಷಯದಲ್ಲಿ ಮುಖವನ್ನೂ ನೋಡಬೇಕಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಅವನ ಎದೆಯ ಮೇಲೆ ಅಂಗೈ ಊರಿ, "ಈಗ ಹೇಳು, ಸಕ್ಕರೆ ಡಬ್ಬಿಗೆ ಕೈ ಹಾಕಿದ್ದು ಯಾರು?" ಎನ್ನುತ್ತಿದ್ದಳು. ಬಾಯಿ "ನಾನಲ್ಲ" ಎನ್ನುತ್ತಿತ್ತು; ಎದೆ ಡವಡವ ಹೊಡೆದುಕೊಂಡು ಚಾಡಿ ಹೇಳಿಬಿಡುತ್ತಿತ್ತು.

ಹೋದ ತಿಂಗಳೂ ಹಾಗೇ ಆಯಿತು. ನಲವತ್ತು ದಾಟಿದ ಗಂಡಸು, ಅಂಗಡಿಗಳ ಬೋರ್ಡು ಬರೆಯುವವನು, ಇಸ್ತ್ರಿ ಅಂಗಡಿಯವಳನ್ನು ಮದುವೆಯಾಗುತ್ತೇನೆಂದು ತಲೆ ತಗ್ಗಿಸಿ ನಿಂತ. ಅಕ್ಕ ಅಂಗೈ ಇಟ್ಟು ಅವಳ ಮಾತೆತ್ತಿದಳು. ಎದೆ ಕುಣಿಯುತ್ತಿತ್ತು. ಗೊತ್ತಾದರೂ, "ನಾನು ಬದುಕಿರೋವರೆಗೂ ಆಗಲ್ಲ" ಎಂದು ಎದ್ದು ಹೋದಳು.

ಈಗ ತಮ್ಮ ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ. ಬಾಯೊಳಗೆ ಉಸಿರಿನ ಯಂತ್ರದ ಕೊಳವೆ, ತಲೆಯ ಹತ್ತಿರದ ಪರದೆಯಲ್ಲಿ ಎದೆಬಡಿತದ ಹಸಿರು ಅಂಕಿ: ಎಂಬತ್ತನಾಲ್ಕು. ಹಗಲೂ ಅಷ್ಟೇ, ರಾತ್ರಿಯೂ ಅಷ್ಟೇ. "ಬಂಡೆ ಇದ್ದ ಹಾಗಿದೆ ನನ್ ತಮ್ಮನ ಎದೆ! ಒಂಚೂರೂ ಅಲುಗಾಡಿಲ್ಲ" ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದಳು. ನರ್ಸ್ ಮಾತ್ರ ಆ ಮಾತಿಗೆ ಮುಖ ತಿರುಗಿಸಿಕೊಂಡಳು.

ಡಾಕ್ಟರು ಅಕ್ಕನನ್ನು ಕೂರಿಸಿಕೊಂಡರು. "ಅಲುಗಾಡದೇ ಇರೋದೇ ಕೆಟ್ಟದ್ದಮ್ಮ. ಹೃದಯ ತನ್ನ ಪಾಡಿಗೆ ತಾನು ಬಡೀತಿರುತ್ತೆ. ಆದ್ರೆ ಹೆದರಿದಾಗ ಜೋರಾಗು, ನಿದ್ದೆ ಬಂದಾಗ ನಿಧಾನ ಆಗು ಅಂತ ಹೇಳೋದು ಮಿದುಳು. ಅಲ್ಲಿಂದ ಈಗ ಏನೂ ಬರ್ತಾ ಇಲ್ಲ. ಎಲ್ಲಾ ಪರೀಕ್ಷೆನೂ ಮಾಡಿದ್ವಿ. ನಾಳೆ ಉಸಿರಿನ ಯಂತ್ರ ನಿಲ್ಲಿಸ್ಬೇಕಾಗುತ್ತೆ."

"ನಿಮ್ಮ ಪರೀಕ್ಷೆ ನಿಮಗಿರಲಿ. ನಂದೊಂದು ಬಾಕಿ ಇದೆ" ಎಂದಳು ಅಕ್ಕ.

ಅವಳು ನೆಟ್ಟಗೆ ಇಸ್ತ್ರಿ ಅಂಗಡಿಗೆ ಹೋದಳು. ಅಕ್ಕನ ಜೊತೆ ಆಸ್ಪತ್ರೆಗೆ ಬಂದ ಇಸ್ತ್ರಿಯವಳು ಪರದೆಗೆ ಬೆನ್ನು ಹಾಕಿ ಕೂತು, ಅವನ ಕೈ ಹಿಡಿದು ಕಣ್ಣು ಮುಚ್ಚಿಕೊಂಡಳು. ಅಕ್ಕ ತಮ್ಮನ ಎದೆಯ ಮೇಲೆ ಅಂಗೈ ಇಟ್ಟಳು.

"ಲೋ, ಯಾರು ಬಂದಿದಾರೆ ನೋಡೋ. ನಾನೇ ಕರ್ಕೊಂಡು ಬಂದೆ. ಒಪ್ಪಿದೀನಿ ಕಣೋ. ಮದುವೆ ಮಾಡ್ಕೊ, ನಾನೇ ಮುಂದೆ ನಿಂತು ಮಾಡಿಸ್ತೀನಿ."

ಅಂಗೈಯಡಿ ಡವಡವ ಎಂದಿತು. ತಟ್ಟನೆ ತಲೆಯೆತ್ತಿ ಪರದೆ ನೋಡಿದಳು. ಎಂಬತ್ತನಾಲ್ಕು. ಹೊಡೆದುಕೊಳ್ಳುತ್ತಿದ್ದದ್ದು ಅವಳದೇ ಕೈಯ ನಾಡಿ. ಕೈಯನ್ನು ಸಡಿಲಿಸಿ ಮತ್ತೆ ಇಟ್ಟಳು. ತಮ್ಮನ ಎದೆ ಯಾರ ಗೊಡವೆಯೂ ಇಲ್ಲದೆ ಒಂದೇ ಸಮನೆ ಬಡಿಯುತ್ತಿತ್ತು. ಇವನು ಹೋಗಿಬಿಟ್ಟಿದ್ದಾನೆ ಎಂದು ಆಗ ಅವಳಿಗೆ ಗೊತ್ತಾಯಿತು.

"ಅಕ್ಕಾ, ಅವರಿಗೆ ಕೇಳಿಸ್ತಾ?" ಇಸ್ತ್ರಿಯವಳು ಕಣ್ಣು ತೆರೆಯದೆಯೇ ಕೇಳಿದಳು. "ಎದೆ ಜೋರಾಯ್ತಾ?"

"ಹೂಂ ಕಣೇ," ಎಂದಳು ಅಕ್ಕ. "ನೀನು ಬಂದಿದೀಯ ಅಂದ ತಕ್ಷಣ ಕುಣಿದುಬಿಡ್ತು."

ಅಕ್ಕನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅಂಗೈ ಇಟ್ಟು ನೋಡುವವರು ಯಾರೂ ಇರಲಿಲ್ಲ.