ಬಿಲ್ಲಿನಲ್ಲಿದ್ದ ಬೋರ್ಡು

ಹೊಸ ರ‍್ಯಾಮ್ ಸ್ಲಾಟಿನಲ್ಲಿ ಕೂರಲೇ ಇಲ್ಲ. ಒತ್ತಿದೆ, ತಿರುಗಿಸಿ ಒತ್ತಿದೆ, ಕೊನೆಗೆ ಬೈದು ಒತ್ತಿದೆ. ರ‍್ಯಾಮಿನ ಕಚ್ಚು ಒಂದು ಕಡೆ, ಸ್ಲಾಟಿನೊಳಗಿನ ಉಬ್ಬು ಇನ್ನೊಂದು ಕಡೆ. ನಾನೇನು ಕಣ್ಣು ಮುಚ್ಚಿ ತರಿಸಿದ್ದಲ್ಲ. ಐದು ವರ್ಷದ ಹಿಂದೆ ಕಂಪ್ಯೂಟರ್ ಕೊಂಡಾಗಿನ ಬಿಲ್ಲು ನೋಡಿಯೇ ತರಿಸಿದ್ದು. ಮದರ್‌ಬೋರ್ಡ್ ಬಿ 460 ಎಂದು ಅದರಲ್ಲಿ ಸ್ಪಷ್ಟವಾಗಿತ್ತು.

ಅವತ್ತು ಶುಕ್ರವಾರ. ಸೋಮವಾರ ಹೊನ್ನೂರಸ್ವಾಮಿಯವರು ನನ್ನ ಕೆಲಸ ನೋಡುವವರಿದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಅವರದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿ. ಕೊಟ್ಟೂರಿನ ನಮ್ಮ ಮನೆಯಲ್ಲೇ ಕುಳಿತು ಡಿಸೈನ್ ಮಾಡಿಕೊಡಬೇಕು, ತಿಂಗಳಿಗೆ ಸಂಬಳ. "ದೊಡ್ಡ ಬ್ಯಾನರ್ ಫೈಲ್ ಕಳಿಸ್ತೀನವ್ವ ದುರ್ಗಾ. ಮುಂಜಾನಿ ಕಳಿಸಿದ್ದು ಸಂಜಿಯೊಳಗ ವಾಪಸ್ ಬಂದ್ರ ಕೆಲಸ ನಿಂದು. ನಿನ್ನ ಕೈಮ್ಯಾಲೆ ನನಗ ನಂಬಿಕಿ ಐತಿ, ನಿನ್ನ ಮಿಷಿನ್ ಮ್ಯಾಲೆ ಇಲ್ಲ ನೋಡು" ಎಂದು ನಕ್ಕಿದ್ದರು. ಅದಕ್ಕೇ ಹೊಸ ರ‍್ಯಾಮ್ ತರಿಸಿದ್ದು. ಏಳು ವರ್ಷದಿಂದ ಮದುವೆ ಕಾರ್ಡಿನ ಮೂಲೆಗೆ ಗಣಪತಿ ಕೂರಿಸಿ ಕೂರಿಸಿ ಬೇಸತ್ತವಳು ನಾನು. ಈ ಕೆಲಸ ಸಿಕ್ಕರೆ ಇಂಥವಳು ಇಂಥಲ್ಲಿ ನೌಕರಿ ಮಾಡುತ್ತಾಳೆ ಎಂದು ಅನ್ನಿಸಿಕೊಳ್ಳುತ್ತಿದ್ದೆ. ಆ ಆಸೆ ನನಗೆ ಬಹಳ ಇತ್ತು.

ನಮ್ಮಣ್ಣ ಮಾರೇಶನಿಗೆ ಫೋನ್ ಮಾಡಿದೆ. ಹರಪನಹಳ್ಳಿಯಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ. ನನಗೆ ಮೌಸ್ ಹಿಡಿಯಲು ಕಲಿಸಿದವನೂ ಅವನೇ, ಈ ಕಂಪ್ಯೂಟರ್ ಆರಿಸಿ ಕೊಡಿಸಿದವನೂ ಅವನೇ.

"ಅಣ್ಣಾ, ರ‍್ಯಾಮ್ ಕುಂದರವಲ್ದು. ಇದರಾಗಿರೋ ಬೋರ್ಡ್ ಯಾವ ಮಾಡೆಲ್ಲು?"

"ಮಾಡೆಲ್ ತಗೊಂಡು ನೀ ಏನ್ ಮಾಡ್ತಿ? ಡಬ್ಬಿ ಮುಚ್ಚಿ ಇಡು. ನಾ ಮುಂದಿನ ವಾರ ಬರ್ತೀನಿ."

"ಸೋಮವಾರನೇ ಕೆಲಸ ಐತಣ್ಣ."

"ಮುಚ್ಚಿ ಇಡವ್ವ ಅಂದ್ರ ಇಡು" ಎಂದು ಫೋನ್ ಇಟ್ಟ.

ಮುಚ್ಚಿ ಇಡು ಎಂದವನು ನನಗೆ ಬಿಚ್ಚುವ ದಾರಿ ತೋರಿಸಿದ ಹಾಗಾಯಿತು. ಮೊದಲು ಕಂಪ್ಯೂಟರ್ ಆನ್ ಮಾಡಿ ಸಿಸ್ಟಮ್ ಇನ್ಫರ್ಮೇಶನ್ ತೆಗೆದೆ. ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನ ಮುಂದೆ ಎಚ್ 61 ಎಂದಿತ್ತು. ಕಂಪ್ಯೂಟರೇ ತಪ್ಪು ಹೇಳುತ್ತಿರಬೇಕು ಎಂದುಕೊಂಡು ಕರೆಂಟ್ ತೆಗೆದು, ಟಾರ್ಚ್ ಹಿಡಿದು ಡಬ್ಬಿಯೊಳಗೆ ಹಣಕಿದೆ. ಬೋರ್ಡಿನ ಮೇಲೆ ಬಿಳಿ ಅಕ್ಷರದಲ್ಲಿ ಅಚ್ಚಾಗಿದ್ದದ್ದೂ ಅದೇ. ನನ್ನ ಕಂಪ್ಯೂಟರಿಗಿಂತ ಹತ್ತು ವರ್ಷ ಹಳೆಯ ಬೋರ್ಡು, ಅದಕ್ಕೆ ತಕ್ಕ ಹಳೇ ಪ್ರೊಸೆಸರು. ಹೊನ್ನೂರಸ್ವಾಮಿಯವರ ಫೈಲ್ ಇದರಲ್ಲಿ ತೆರೆಯುವ ಮಾತೇ ಇರಲಿಲ್ಲ.

ಡಬ್ಬಿ ನನ್ನ ಮನೆ ಬಿಟ್ಟು ಹೋಗುವುದು ವರ್ಷಕ್ಕೊಮ್ಮೆ ಮಾತ್ರ. ಮಹಾನವಮಿಯ ಮುಂಚೆ ಎಲ್ಲರೂ ಗಾಡಿ ತೊಳೆಸುವ ಹಾಗೆ ನಾನು ಕಂಪ್ಯೂಟರನ್ನು ಅಣ್ಣನ ಅಂಗಡಿಗೆ ಕೊಟ್ಟು ಗಾಳಿ ಹೊಡೆಸುತ್ತೇನೆ. ನಮ್ಮವ್ವ ಗಾಳೆಮ್ಮನ ನಿಯಮ ಅದು, ಧೂಳಿದ್ದ ಆಯುಧಕ್ಕೆ ಪೂಜೆ ಮುಟ್ಟುವುದಿಲ್ಲವಂತೆ. ಹೋದ ಹಬ್ಬಕ್ಕೂ ಕೊಟ್ಟಿದ್ದೆ. ಹಬ್ಬ ಆದಮೇಲೆ ಕಂಪ್ಯೂಟರ್ ನಿಧಾನವಾದಾಗ ವಯಸ್ಸಾಯಿತೇನೋ ಎಂದುಕೊಂಡಿದ್ದೆ. ಅಂದರೆ ಆವತ್ತು ನಾನು ವಿಭೂತಿ ಹಚ್ಚಿ, ಕಾಯಿ ಒಡೆದು, ಕೈ ಮುಗಿದದ್ದು ಯಾರದೋ ಗುಜರಿಗೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಶನಿವಾರ ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋದೆ. ಅಣ್ಣ ಅಂಗಡಿಯ ಕಸ ಹೊಡೆಯುತ್ತಿದ್ದ. ನನ್ನ ಮುಖ ನೋಡಿದವನೇ ಪೊರಕೆ ಗೋಡೆಗೆ ಆನಿಸಿದ.

"ಎಲ್ಲೈತಿ ನನ್ನ ಬೋರ್ಡು?"

"ತೆಲಿಗಿ ಊರಿನ ಗೌಡ್ರ ಮನ್ಯಾಗ" ಎಂದ. ಸುಳ್ಳು ಹೇಳುವಷ್ಟೂ ಧೈರ್ಯವಿಲ್ಲ ಇವನಿಗೆ ಎಂದುಕೊಂಡೆ. "ಅವ್ರ ಕಂಪ್ಯೂಟರ್ ರಿಪೇರಿಗೆ ಬಂದಿತ್ತು. ನನ್ನ ಕೈಯಾಗ ಬೋರ್ಡ್ ಸುಟ್ಟುಹೋತು. ನಾಳಿಗೇ ಬೇಕು ಅಂತ ಕುಂತ್ರು. ನಿಂದು ಇಲ್ಲೇ ಇತ್ತು, ಪ್ರೊಸೆಸರ್, ರ‍್ಯಾಮ್ ಸಮೇತ ತೆಗೆದು ಹಾಕಿಬಿಟ್ಟೆ. ನಿನಗ ಹಳೇದು ಕೂಡಿಸಿದೆ. ಆಮ್ಯಾಲೆ ಬದಲಿ ಮಾಡಿದ್ರಾತು ಅಂದ್ಕಂಡೆ."

"ಒಂದು ವರ್ಷ ಆಗಾಕ ಬಂತು."

"ಏನ್ ಮಾಡ್ಲವ್ವ? ಅಪ್ಪ ಅವ್ರ ಹೊಲದಾಗ ದುಡಿದಾನ. ಅವ್ರಿಗೆ ಇಲ್ಲ ಅಂತ ಹೆಂಗ ಅನ್ನಲಿ?"

ಏಪ್ರಿಲ್ ಹದಿನಾಲ್ಕು ಬಂತೆಂದರೆ ನೀಲಿ ಶಾಲು ಹೊದ್ದು, ಮೈಕು ಹಿಡಿದು, ಯಾರ ಮುಂದೆಯೂ ಬಗ್ಗಬೇಡಿ ಎಂದು ಇಡೀ ಕೇರಿಗೆ ಹೇಳುವವನು ಇವನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅದನ್ನು ಮುಖದ ಮೇಲೆಯೇ ಅಂದೆ. ತಲೆ ತಗ್ಗಿಸಿದ. ಹೋಗಿ ಕೇಳಿಕೊಂಡು ಬಾ ಎಂದೆ. ಮತ್ತೆ ಪೊರಕೆ ಕೈಗೆತ್ತಿಕೊಂಡ. ಗಂಡಸಾಗಿ ಅಷ್ಟೂ ಬಾಯಿಲ್ಲವೇ, ನಾನೇ ಕೇಳುತ್ತೇನೆ ಎಂದು ರೇಗಿ ಎದ್ದು ಬಂದೆ.

ಭಾನುವಾರ ತೆಲಿಗಿ ಬಸ್ಸು ಹತ್ತಿದೆ. ಬಿಲ್ಲು ಚೀಲದಲ್ಲಿತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ಇದು ನನ್ನದು, ನೋಡಿ ಬಿಲ್ಲು, ಬಿಚ್ಚಿ ಕೊಡಿ. ಮೂರೇ ಮಾತು. ಬಸ್ಸಿನಲ್ಲಿ ಅವು ಚೆನ್ನಾಗಿಯೇ ಬರುತ್ತಿದ್ದವು.

ಮನೆಯಲ್ಲಿ ಗೌಡ್ತಿ ಒಬ್ಬರೇ ಇದ್ದರು. ಮಾರೇಶನ ತಂಗಿ ಎಂದೆ.

"ಅಯ್ಯೋ, ಬಾರವ್ವ, ಕುಂತ್ಕ" ಎಂದು ಜಗಲಿ ತೋರಿಸಿದರು. ಚಹಾ ತಂದರು. ತಮಗೆ ಸ್ಟೀಲ್ ಲೋಟ, ನನಗೆ ಪೇಪರ್ ಕಪ್ಪು. "ನಿಮ್ಮಣ್ಣ ಭಾಳ ಒಳ್ಳೆ ಹುಡುಗ ನೋಡು. ಅವಸರ ಇಲ್ಲಪ್ಪ, ಹಬ್ಬ ಮುಗಿಸ್ಕಂಡು ಮಾಡು ಅಂತ ನಾವೇ ಹೇಳಿದ್ವಿ. ಮರುದಿನಾನೇ ತಂದು ಜೋಡಿಸಿ ಹೋದ."

ಕಪ್ಪು ನನ್ನ ಕೈಯಲ್ಲೇ ಉಳಿಯಿತು. ನಾಳಿಗೇ ಬೇಕೆಂದು ಯಾರೂ ಕುಳಿತಿರಲಿಲ್ಲ. ಕೇಳದಿದ್ದವರಿಗೆ ಓಡಿಹೋಗಿ ಕೊಟ್ಟು ಬಂದಿದ್ದ. ನನ್ನದನ್ನು.

"ಏನು ಬೇಕಿತ್ತವ್ವ?" ಎಂದರು ಗೌಡ್ತಿ.

ಬಾಯಿ ತೆರೆದೆ. ಜಗಲಿಯ ಕೆಳಗೆ, ಚಪ್ಪಲಿ ದೂರ ಬಿಟ್ಟು ನಿಲ್ಲುತ್ತಿದ್ದ ಅಪ್ಪನ ನೆನಪಾಯಿತೋ, ಆ ಹೆಂಗಸಿನ ಮೆತ್ತನೆಯ ಮಾತಿಗೆ ಸೋತೆನೋ, ನನಗೆ ಇವತ್ತಿಗೂ ತಿಳಿಯದು. "ಏನಿಲ್ರಿ ಅಮ್ಮಾರೆ. ಕಂಪ್ಯೂಟರ್ ಸರಿ ನಡದೈತಿಲ್ಲೋ ನೋಡ್ಕಂಡು ಬಾ ಅಂತ ಅಣ್ಣ ಕಳಿಸ್ಯಾನ" ಎಂದಿತು ನನ್ನ ಬಾಯಿ.

"ಅದನ್ನ ಯಾರು ಹಚ್ತಾರವ್ವ? ಮೊಮ್ಮಗ ರಜಕ್ಕೆ ಬಂದಾಗ ಅಷ್ಟೇ. ಬಾ, ನೋಡು" ಎಂದು ಒಳಗೆ ಕರೆದರು. ರಿಪೇರಿಗೆ ಬಂದವಳಾದ್ದರಿಂದ ಹೊಸ್ತಿಲು ದಾಟಬಹುದಿತ್ತು. ಕಂಪ್ಯೂಟರಿನ ಮೇಲೆ ಹೊದಿಸಿದ್ದ ಟವೆಲ್ ತೆಗೆದರು. ಆನ್ ಮಾಡಿದೆ. ಕಣ್ಣು ಮಿಟುಕಿಸುವುದರೊಳಗೆ ಎದ್ದು ನಿಂತಿತು, ನನ್ನ ಮನೆಯಲ್ಲಿ ಹಿಂದೆ ಏಳುತ್ತಿದ್ದ ಹಾಗೆಯೇ. ಅದೇ ಸಾಲು ತೆಗೆದೆ. ಬಿ 460.

"ಸರಿ ಐತೇನವ್ವ?"

"ಭಾಳ ಚಲೋ ಐತ್ರಿ" ಎಂದೆ. ಧೂಳು ಬೀಳದಂತೆ ಟವೆಲ್ ಮತ್ತೆ ಹೊದಿಸಿ, ಅಂಚುಗಳನ್ನು ಸರಿಮಾಡಿ ಎದ್ದೆ. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲೇ ಹೊನ್ನೂರಸ್ವಾಮಿಯವರಿಗೆ ಫೋನ್ ಮಾಡಿ, ಮಿಷಿನ್ ಸರಿಯಾಗಲಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಒಂದು ವಾರ ತಡೀತೀನಿ ಎನ್ನುತ್ತಾರೇನೋ ಎಂದು ಒಂದು ಗಳಿಗೆ ಕಾದೆ. "ಕೂಡ್ಲಿಗಿ ಹುಡುಗ ಒಬ್ಬ ಅದಾನ ಬಿಡವ್ವ, ಅವನಿಗೇ ಹೇಳ್ತೀನಿ" ಎಂದರು.

ಸ್ವಲ್ಪ ಹೊತ್ತಿಗೆ ಅಣ್ಣನ ಫೋನ್ ಬಂತು. ಧ್ವನಿ ಅಳುಕುತ್ತಿತ್ತು.

"ಹೋಗಿದ್ಯೇನವ್ವ? ಕೇಳಿದ್ಯಾ?"

ನಿಜ ಹೇಳಿದ್ದರೆ ಅವನ ಸುಳ್ಳೂ ಬಯಲಾಗುತ್ತಿತ್ತು, ನನ್ನ ಬಾಯಿಯ ಜೋರೂ ಬಯಲಾಗುತ್ತಿತ್ತು.

"ಕೇಳಿದೆ" ಎಂದೆ. "ಕೊಡಂಗಿಲ್ಲ ಅಂದ್ರು. ಬೈದು ಕಳಿಸಿದ್ರು."

ಆ ಕಡೆ ಅಣ್ಣ ಉಸಿರು ಬಿಟ್ಟದ್ದು ಕೇಳಿಸಿತು. ಯಾರೂ ಬೈದಿರಲಾರರು ಎಂದು ನನಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು.

"ನಾ ಹೇಳಿದ್ದಿಲ್ಲೇನು?" ಎಂದ. "ಆ ಮಂದಿನೇ ಅಂಥಾದ್ದು."

"ಹೂನಣ್ಣ" ಎಂದೆ. "ಆ ಮಂದಿನೇ ಅಂಥಾದ್ದು."