ಎಣಿಸದೆ ಹೋದ ಭಾನುವಾರ

ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ತಲೆ ಎಣಿಸುವುದನ್ನು ನೋಡಿ ಉಳಿದ ಟೀಚರುಗಳಿಗೆಲ್ಲ ನಗು. ಬಸ್ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ, ತಿಂಡಿಗೆ ಕೂತಾಗ ಇನ್ನೊಮ್ಮೆ. "ಲತಾ ಟೀಚರು ಚಟ್ಟದ ಮೇಲೆ ಮಲಗಿದ್ರೂ ಹೊರೋರನ್ನ ಎಣಿಸ್ತಾರೆ" ಎಂದು ಹೆಡ್‌ಮಾಸ್ಟರು ಒಮ್ಮೆ ಅಂದಿದ್ದರು. ಅನ್ನಲಿ. ಇಪ್ಪತ್ತು ವರ್ಷದಲ್ಲಿ ಊರವರ ಒಂದು ಮಗುವನ್ನೂ ನಾನು ಕಳೆದಿಲ್ಲ. ಕಳೆದದ್ದು ನನ್ನ ಒಡಹುಟ್ಟಿದವನನ್ನು.

ಹನುಮೇಶ ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಕಂಪ್ಯೂಟರ್ ಕೋರ್ಸು ಅರ್ಧ, ಮೊಬೈಲ್ ಅಂಗಡಿ ಅರ್ಧ, ನಿಶ್ಚಯವಾದ ಮದುವೆಯೂ ಅರ್ಧ. ಎರಡು ವರ್ಷದಿಂದ ಮನೆಯಲ್ಲೇ ಗೋಡೆ ನೋಡಿಕೊಂಡು ಕೂತಿದ್ದ. ನೋಡಲಾರದೆ ನಾನೇ ಅವನನ್ನು ಹೊಸದುರ್ಗದ ನಮ್ಮ ಸೈಕಲ್ ಗುಂಪಿಗೆ ಸೇರಿಸಿದೆ. ಆಂಧ್ರದ ಗಡಿ ದಾಟಿದರೆ ಗುಡ್ಡದ ಸಂದಿಯಲ್ಲೊಂದು ಜಲಪಾತ ಇದೆ, ಮಳೆ ಜೋರಾಗಿ ಬಂದ ವರ್ಷ ಮಾತ್ರ ಬೀಳುತ್ತದೆ. ಈ ಸಲ ಬಿದ್ದಿತ್ತು. ಸೈಕಲ್ಲುಗಳನ್ನು ಲಗೇಜ್ ಆಟೋಗೆ ಹಾಕಿ ಹಿರಿಯೂರಿಗೆ ತಂದು, ಅಲ್ಲಿಂದ ಧರ್ಮಪುರದ ದಾರಿಯಲ್ಲಿ ತುಳಿದುಕೊಂಡು ಹೋಗುವುದೆಂದು ಮಾತಾಯಿತು. ಹನ್ನೆರಡು ಜನ. ಎಲ್ಲರಿಗೂ ಹಳದಿ ಟೀಶರ್ಟು.

ಹಿರಿಯೂರಿನಲ್ಲಿ ಹೊರಡುವಾಗ ನಾನು ಅಭ್ಯಾಸಬಲದಿಂದ ಬೆರಳು ಎತ್ತಿ ಎಣಿಸತೊಡಗಿದೆ. ನಮ್ಮ ಗುಂಪಿನ ಮುಖಂಡ ಕನಕರಾಜ್ ಹೌಹಾರಿದ. ಅವನು ಮತ್ತೋಡಿನ ಕುರಿಗಾರರ ಮನೆಯವನು, ಈಗ ಸೈಕಲ್ ಅಂಗಡಿ ಇಟ್ಟಿದ್ದಾನೆ.

"ಬೆರಳು ಮಾಡಿ ಎಣಿಸಬ್ಯಾಡ್ರಿ ಮೇಡಂ. ಎಣಿಸಿದ್ರೆ ಮಂದೆ ಕರಗ್ತೈತೆ. ನಮ್ಮಪ್ಪ ಇನ್ನೂರು ಕುರಿ ಕಾದ, ಒಂದಿನಾನೂ ಎಣಿಸಲಿಲ್ಲ. ಒಂದ್ಸಲ ಕಣ್ಣು ಹಾಯಿಸಿದ್ರೆ ಸಾಕು, ಯಾವ್ದು ಇಲ್ಲ ಅಂತ ಗೊತ್ತಾಗ್ತಿತ್ತು. ನಂಗೂ ಗೊತ್ತಾಗ್ತೈತೆ."

ಹೋಗಲಿ, ಅವರ ನಂಬಿಕೆ ಅವರಿಗೆ ಎಂದು ಬೆರಳು ಮಡಚಿದೆ.

ಗಡಿಯ ಕಲ್ಲಿನ ಹತ್ತಿರ ಎಲ್ಲರೂ ಫೋಟೋ ತೆಗೆಸಿಕೊಂಡರು. ಹನುಮೇಶ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕ, ಹಿಂದಿನ ಬ್ರೇಕು ಸರಿಯಾಗಿ ಹಿಡೀತಿಲ್ಲ. ಮುಂದೆ ಪೂರ್ತಿ ಇಳಿಜಾರು ಅಂತೆ. ನೀವು ನೋಡ್ಕಂಡು ಬರ್ರಿ, ನಾನು ಇಲ್ಲೇ ಕುಂತಿರ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಇದೂ ಅರ್ಧವೇ!

"ಲೇ, ಹುಟ್ಟಿದಾಗಿಂದ ನೀನು ಒಂದನ್ನಾದ್ರೂ ಪೂರ್ತಿ ಮಾಡಿದೀಯೇನೋ? ಬ್ರೇಕ್ ಹಿಡೀದೇ ಇದ್ರೆ ತಳ್ಕಂಡು ಬಾ. ಅರ್ಧದಿಂದ ವಾಪಸ್ ಹೋದ್ರೆ ಮತ್ತೆ ನನ್ನ ಮುಖ ನೋಡ್ಬ್ಯಾಡ."

ಅವನು ಹೆಲ್ಮೆಟ್ಟಿನ ಬಕಲ್ ಹಾಕಿಕೊಂಡ. ನಾನು ತಿರುಗಿ ನೋಡದೆ ಮುಂದೆ ಹೋದೆ.

ಜಲಪಾತ ಚೆನ್ನಾಗಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಚೆನ್ನಾಗಿತ್ತು. ಕನಕರಾಜ್ ಬಂಡೆಯ ಮೇಲೆ ನಿಂತು ನೀರಿಗಿಳಿದವರ ಮೇಲೆಲ್ಲ ಕಣ್ಣು ಹಾಯಿಸಿ, "ಎಲ್ಲಾ ಬಂದವ್ರೆ, ಆಡ್ರಿ" ಎಂದ. ಹನುಮೇಶ ನನಗೆ ಕಾಣಲಿಲ್ಲ. ಮುನಿಸಿಕೊಂಡು ಯಾವುದೋ ಬಂಡೆಯ ಮರೆಗೆ ಕೂತಿದ್ದಾನೆ, ಕೂತಿರಲಿ ಅಂದುಕೊಂಡೆ. ಫೋನು ನೆನೆಯಬಾರದೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಟ್ಟಿದ್ದೆ. ಒಂದೂವರೆ ಗಂಟೆ ನೀರಲ್ಲಿದ್ದೆವು.

ಹೊರಡುವಾಗ ಗುಂಪಿನಲ್ಲಿದ್ದ ಹಳದಿ ಅಂಗಿಯವನೊಬ್ಬ ಬುಟ್ಟಿ ಎತ್ತಿಕೊಂಡು ತೆಲುಗಿನಲ್ಲಿ ಏನೋ ಹೇಳಿ ನಡೆದುಬಿಟ್ಟ. ಅವನು ಅಲ್ಲಿ ಸುಟ್ಟ ಜೋಳ ಮಾರುವವನು. ಕನಕರಾಜನ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಗ ನಾನು ಎಣಿಸಿದೆ. ಹನ್ನೊಂದು. ಮತ್ತೆ ಎಣಿಸಿದೆ. ಹನ್ನೊಂದೇ.

ಇಳಿಜಾರಿನ ಮೂರನೆಯ ತಿರುವಿನಲ್ಲಿ, ರಸ್ತೆಯಿಂದ ಕಾಣದಷ್ಟು ಕೆಳಗೆ, ಲಂಟಾನದ ಪೊದೆಯಲ್ಲಿ ಸಿಕ್ಕ. ತೊಡೆಯೊಳಗೆ ಹ್ಯಾಂಡಲ್ಲು ನುಗ್ಗಿತ್ತು. ಉಸಿರಿತ್ತು. ಟೀಶರ್ಟ್ ಬಿಚ್ಚಿ ತೊಡೆಗೆ ತಾನೇ ಬಿಗಿದು ಕಟ್ಟಿಕೊಂಡಿದ್ದ, ಅದೂ ನೆನೆದು ಕೆಂಪಾಗಿತ್ತು. ದಾರಿಯಲ್ಲಿ ಸಿಕ್ಕ ಟೊಮೆಟೊ ಗಾಡಿಯಲ್ಲಿ ಮಲಗಿಸಿಕೊಂಡು ಹಿರಿಯೂರಿನ ಕಡೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಗಡಿಯ ಕಲ್ಲು ದಾಟುವ ಹೊತ್ತಿಗೆ ಉಸಿರು ನಿಂತಿತ್ತು. ಒಂದು ಗಂಟೆ ಮೊದಲು ತಂದಿದ್ದರೆ ಉಳಿಯುತ್ತಿದ್ದ ಎಂದರು ಡಾಕ್ಟರು.

"ಕಣ್ಣು ಮೋಸ ಮಾಡ್ತು ಮೇಡಂ" ಎಂದು ಕನಕರಾಜ್ ನನ್ನ ಕಾಲು ಹಿಡಿದ. ಅವನನ್ನು ನಾನು ಯಾವ ಬಾಯಲ್ಲಿ ಬಯ್ಯಲಿ? ಅವನಿಗೆ ಹನ್ನೆರಡು ಹಳದಿ ಅಂಗಿ ಕಂಡಿತ್ತು. ನನಗೆ ತಮ್ಮ ಇಲ್ಲದ್ದು ಕಂಡಿತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಫೋನು ಬಿಚ್ಚಿದೆ. ಹನುಮೇಶನದು ಆರು ಕರೆ, ಅವ್ವನದು ಮೂರು.

ಮನೆಗೆ ಹೆಣ ತಂದಾಗ ಅವ್ವ ಏಕನಾಥಮ್ಮ ಅಳಲಿಲ್ಲ. ಅವನ ತಲೆಗೂದಲಲ್ಲಿ ಸಿಕ್ಕಿದ್ದ ಲಂಟಾನದ ಎಲೆ ಆರಿಸುತ್ತ ಕೂತಳು. ಆರಿಸುತ್ತಲೇ ಮಾತಾಡಿದಳು.

"ನಂಗೆ ಫೋನ್ ಮಾಡಿದ್ದ ಕಣೇ. ಬಿದ್ದೀನವ್ವ, ಜಾಸ್ತಿ ಏನಿಲ್ಲ ಅಂದ. ಅಕ್ಕಂಗೆ ಹೇಳಾಣ ಅಂದ್ರೆ ಫೋನ್ ತೆಗೀತಿಲ್ಲ ಅಂದ. ನಾನು ಗಾಬ್ರಿ ಬಿದ್ದೆ. ಗಾಬ್ರಿ ಆಗ್ಬ್ಯಾಡ ಅಂತ ಅವನೇ ನಂಗೆ ಧೈರ್ಯ ಹೇಳ್ದ."

"ಏನಂದವ್ವ?"

"ಅಕ್ಕ ಎಣಿಸ್ದೆ ಇರಲ್ಲ ಬಿಡವ್ವ, ಈಗ ಬರ್ತಾಳೆ ಅಂದ."